ಹರಳೆಣ್ಣೆ ಬಾಟಲಿಯ ಮೇಲಿನ ಗೀಟು

ಮಗಳ ದಿಂಬಿನ ಮೇಲೆ ಹಳದಿ ಕಲೆ ಕಂಡ ಬೆಳಿಗ್ಗೆಯೇ ನನಗೆ ಅತ್ತೆಯ ಮೇಲೆ ಅನುಮಾನ ಬಂತು. ಸುಳ್ಳೇಕೆ ಹೇಳಲಿ, ಕಲೆ ಒಣಗುವ ಮೊದಲೇ ಬಂತು.

ಆಪರೇಷನ್ ಆಗಿ ಆಗ ಹತ್ತು ದಿನ. ಐದು ವರ್ಷದ ಮಗಳಿಗೆ ಎರಡೂ ಕಿವಿಯ ಪರದೆಯ ಹಿಂದೆ ನೀರು ತುಂಬಿ, ಹಿಂದಿನಿಂದ ಕರೆದರೆ ತಿರುಗುತ್ತಲೇ ಇರಲಿಲ್ಲ. ಮನೆಯಲ್ಲಿ ಏನಾದರೂ ಗುಟ್ಟು ಮಾತಾಡುವುದಿದ್ದರೆ ಅವಳೆದುರಿಗೇ ಮಾತಾಡುವ ಅಭ್ಯಾಸ ನಮಗಾಗಿತ್ತು. ಜಯನಗರದ ಡಾಕ್ಟರು ಎರಡೂ ಪರದೆಗೆ ಅಕ್ಕಿಕಾಳಿಗಿಂತ ಚಿಕ್ಕ ಟ್ಯೂಬ್ ಕೂರಿಸಿದರು. ಎಷ್ಟು ಕೇಳಿಸುತ್ತದೆ ಎಂಬುದನ್ನು ಆರು ವಾರ ಬಿಟ್ಟು ನೋಡೋಣ ಎಂದರು. ಅಲ್ಲಿಯವರೆಗೆ ನೀರಾಗಲಿ ಎಣ್ಣೆಯಾಗಲಿ ಕಿವಿಯೊಳಗೆ ಹೋಗಕೂಡದು. 'ಎಣ್ಣೆ' ಎಂದಾಗ ನಾನು ಅತ್ತೆಯತ್ತ ನೋಡಿದೆ. ಅವರು ಗೋಡೆಯ ಮೇಲಿದ್ದ ದೊಡ್ಡ ಕಿವಿಯ ಚಿತ್ರವನ್ನು ನೋಡುತ್ತಾ ಕೂತಿದ್ದರು. ಬೇಕಂತಲೇ ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡೆ.

ನನ್ನ ಅನುಮಾನಕ್ಕೆ ಕಾರಣವಿತ್ತು. ಅತ್ತೆ ಯಡಿಯೂರಿನ ಹಳೇ ಮನೆಯವರು. ಆ ಮನೆಯಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಎಣ್ಣೆನೀರು ಹಾಕಿ, ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿದ ಹರಳೆಣ್ಣೆಯನ್ನು ಒಂದೊಂದು ಕಿವಿಗೆ ಎರಡೆರಡು ಹನಿ ಬಿಡದಿದ್ದರೆ ಸ್ನಾನ ಮುಗಿದಂತೆಯೇ ಅಲ್ಲ. "ಇವಳಪ್ಪನ ಕಿವಿಗೂ ನಾನೇ ಬಿಟ್ಟಿದ್ದು. ಏನಾಗೈತೆ ಈಗ?" ಎಂದು ಆಪರೇಷನ್‌ಗೆ ಮೊದಲು ಎಷ್ಟು ಸಲ ಕೇಳಿದ್ದರೋ. ನಾನು ಬಿಟಿಎಂ ಲೇಔಟಿನ ಆಫೀಸಿಗೆ ಹೋದಮೇಲೆ ಸಂಜೆಯವರೆಗೂ ಮಗು ಅವರ ಕೈಯಲ್ಲೇ.

ಹಾಗಾಗಿ ಹರಳೆಣ್ಣೆ ಬಾಟಲಿಯ ಮೇಲೆ, ಎಣ್ಣೆ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ, ಮಾರ್ಕರಿನಲ್ಲಿ ಒಂದು ಗೀಟು ಎಳೆದೆ. ಮೂರು ದಿನಕ್ಕೆ ಎಣ್ಣೆ ಗೀಟಿನಿಂದ ಒಂದು ಬೆರಳು ಕೆಳಗಿತ್ತು! ಕಳ್ಳನನ್ನು ಹಿಡಿದಷ್ಟು ಖುಷಿಯಾಯಿತು ನನಗೆ. ಅತ್ತೆಯ ಸೆರಗು ಮೂಸಿದೆ, ಮಗಳ ತಲೆ ಮೂಸಿದೆ. ಅತ್ತೆಯಲ್ಲಿ ಎಣ್ಣೆ ವಾಸನೆ ಇತ್ತು, ಮಗಳಲ್ಲಿ ಇರಲಿಲ್ಲ. ತೊಳೆದಿರಬೇಕು ಎಂದುಕೊಂಡೆ.

ಕಿವಿ ಮಾತ್ರ ಸೋರುತ್ತಲೇ ಇತ್ತು. ನಾನು ಹತ್ತಿಯನ್ನು ಉಂಡೆ ಮಾಡಿ ಬಿಗಿಯಾಗಿ ತುರುಕಿಯೇ ಆಫೀಸಿಗೆ ಹೊರಡುತ್ತಿದ್ದೆ. ಸೋರುವುದೂ ನಿಲ್ಲಬೇಕು, ಅತ್ತೆಯ ಹನಿಯೂ ಒಳಗೆ ಹೋಗಬಾರದು. ಮಗಳು ಕಿವಿ ಹಿಡಿದುಕೊಂಡು "ನೋಯ್ತಿದೆ ಅಮ್ಮ" ಎಂದಾಗಲೆಲ್ಲ ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು. ಇಷ್ಟು ಪಟ್ಟ ಪಾಡು ಎರಡು ಹನಿ ಎಣ್ಣೆಗೆ ನೀರುಪಾಲಾದರೆ ಮಗು ಮತ್ತೆ ಕಿವುಡಿಯಾಗುತ್ತಾಳಲ್ಲ ಎಂಬ ಭಯ. ಒಂದು ಸಂಜೆ ಮಗಳ ಕಿವಿಯ ಹತ್ತಿ ತೆಗೆದ ಮೇಲೆ, ಅಡುಗೆಮನೆಯಲ್ಲಿ ನಿಂತು ನಮ್ಮಮ್ಮನಿಗೆ ಫೋನ್ ಮಾಡಿ, ಅತ್ತೆಗೆ ಕೇಳಿಸದಂತೆ ಪಿಸುಗುಟ್ಟಿದೆ. "ಎಣ್ಣೆ ಬಿಟ್ಟಿರೋದು ಇವರೇ ಅಮ್ಮ. ಮುದುಕಿ ಕೈ ಸುಮ್ನಿರಲ್ಲ." ಮಗಳು ನಡುಮನೆಯಲ್ಲಿ ಬಣ್ಣ ಹಚ್ಚುತ್ತಾ ಕೂತಿದ್ದಳು.

ಮರುದಿನವೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಹತ್ತಿ ತೆಗೆದು, ಮಷೀನಿನಿಂದ ಕಿವಿ ಸ್ವಚ್ಛ ಮಾಡಿ ಒಳಗೆ ನೋಡಿದರು. ಎಣ್ಣೆಯ ಸುಳಿವೇ ಇಲ್ಲ ಎಂದರು.

"ನೆಗಡಿ ಆಗಿದ್ಯಲ್ಲ ಮೇಡಂ, ಅದಕ್ಕೇ ಸೋರ್ತಿದೆ. ಹೊರಗೆ ಬರ್ಲಿ ಅಂತಾನೇ ಟ್ಯೂಬ್ ಹಾಕಿರೋದು. ಈ ಹತ್ತಿ ತುರುಕಿದ್ದು ಯಾರು? ಬರೋದನ್ನ ಒಳಗೇ ತಡೆದ್ರೆ ನೋಯ್ದೆ ಇರುತ್ತಾ?"

"ನಾನೇ" ಎಂದೆ. ಬೇರೆ ಯಾರ ಹೆಸರನ್ನು ಹೇಳಲಿ? ಅವರು ಕಿವಿಗೆ ಹಾಕುವ ಔಷಧಿ ಬರೆದುಕೊಟ್ಟರು.

ಮನೆಗೆ ಬಂದಾಗ ಅತ್ತೆ ನಡುಮನೆಯಲ್ಲಿ ಕಾಲು ಚಾಚಿ ಕೂತು ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಅದೇ ಬಾಟಲಿ. "ಬಾಟ್ಲಿ ಮೇಲೆ ಗೀಚವ್ಳೆ ನಿನ್ನ ಮಗಳು" ಎಂದು ನಕ್ಕರು. ನಾನು ಅಡುಗೆಮನೆಗೆ ಹೋಗಿ ಕಾಫಿಗೆ ಹಾಲಿಟ್ಟೆ. ಕ್ಷಮೆ ಕೇಳುವ ಯೋಚನೆಯೂ ಇತ್ತು, ಅವರಿಗೆ ಗೊತ್ತೇ ಆಗಿಲ್ಲವಲ್ಲ ಎಂಬ ಸಮಾಧಾನವೂ ಇತ್ತು.

ಆಗ ಮಗಳ ದನಿ ಕೇಳಿತು. "ಅಜ್ಜಿ, ನನ್ನ ಕಿವಿಗೆ ನೀನೇ ಎಣ್ಣೆ ಬಿಟ್ಟಿದ್ದಂತೆ. ಮುದುಕಿ ಕೈ ಸುಮ್ನಿರಲ್ಲ ಅಂತ ಅಮ್ಮ ಫೋನಲ್ಲಿ ಹೇಳ್ತಿದ್ಲು."

ನಾನು ಇಕ್ಕಳ ಹಿಡಿದು ನಿಂತುಬಿಟ್ಟೆ.

"ಎಲ್ಲಿ ಹೇಳ್ತಿದ್ಲು?"

"ಅಡುಗೆಮನೇಲಿ. ಮೆತ್ತಗೆ."

"ನೀನೆಲ್ಲಿದ್ದೆ?"

"ಇಲ್ಲೇ."

ಆಮೇಲೆ ಅತ್ತೆ ಕೂಗಿದ ಕೂಗು ಪಕ್ಕದ ಮನೆಗೂ ಕೇಳಿಸಿರಬೇಕು. "ಏ, ಬಾರಮ್ಮ ಇಲ್ಲಿ! ಮಗೀಗೆ ಕೇಳಿಸ್ತೈತೆ ಕಣೇ! ಪಿಸುಮಾತೂ ಕೇಳಿಸ್ತೈತೆ!"

ಅವರ ದನಿಯಲ್ಲಿ ಕೋಪ ಇದೆಯೇ ಎಂದು ಆಗಲೂ ಹುಡುಕಿದೆ. ಇರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ನಾನು ಒರೆಸುವ ಬಟ್ಟೆ ಹುಡುಕುತ್ತಾ ಅಡುಗೆಮನೆಯಲ್ಲೇ ಉಳಿದೆ.