ಪೈಲಟಮ್ಮನ ಉಸಿರು

ಅಮೃತೂರಿನ ಮಾನಸಾಳ ಮುತ್ತಾತ ಮುದ್ದಯ್ಯ ಕಹಳೆ ಊದಿದರೆ ಮೂರೂರಿನ ದನಗಳು ಕಿವಿ ನಿಮಿರಿಸುತ್ತಿದ್ದವು. ತಾತ ರಾಮಾಂಜಿನಯ್ಯ ಒಂದೇ ಉಸಿರಿಗೆ ಬಾವಿಯ ತಳ ಮುಟ್ಟಿ, ಬಿದ್ದ ಕೊಡ ಎತ್ತಿ ತರುತ್ತಿದ್ದ. ಅಂಥ ವಂಶದ ಹುಡುಗಿಗೆ ಕಾಲೇಜಿನಲ್ಲಿದ್ದಾಗ ಕ್ಷಯ ಬಂತು. ಔಷಧಿಯನ್ನು ಪೂರ್ತಿ ನುಂಗಿ ವಾಸಿಯಾದಳು. ಎಕ್ಸ್‌ರೇಯಲ್ಲಿ ಸಣ್ಣ ಕಲೆ ಮಾತ್ರ ಉಳಿಯಿತು. ಈಗ ಪೈಲಟ್ ಆಗಲು ಹೊರಟಿದ್ದಾಳೆ, ಸೋಮವಾರ ವೈದ್ಯಕೀಯ ಪರೀಕ್ಷೆ. ಅದರಲ್ಲಿ ಫೇಲಾದರೆ ವಿಮಾನದ ಆಸೆ ಅಲ್ಲಿಗೇ ಮುಗಿಯಿತು. ಹಾಗಾಗಿ ಕೂತರೂ ನಿಂತರೂ ಅವಳಿಗೆ ಉಸಿರಿನದೇ ಚಿಂತೆ. ತುಮಕೂರಿನ ಬಸ್ಸು ಹತ್ತಿದರೆ ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿನವರೆಗೆ ಉಸಿರು ಬಿಗಿಹಿಡಿಯುತ್ತಾಳೆ; ಕಂಡಕ್ಟರ್ ಎಲ್ಲಿಗೆಂದು ಕೇಳಿದರೆ ಕೈಸನ್ನೆಯೇ ಉತ್ತರ. ಬೀದಿಯ ಯಾವ ಮಗುವಿನ ಹುಟ್ಟುಹಬ್ಬವಾದರೂ ಬಲೂನು ಊದುವ ಗುತ್ತಿಗೆ ಅವಳದೇ. ಒಲೆ ಊದಲು ಕರೆದರೆ ಬೂದಿಯ ಜೊತೆ ಕೆಂಡವೂ ಅಟ್ಟ ಹತ್ತುತ್ತದೆ. "ಲೇ ಪೈಲಟಮ್ಮ, ನಮ್ಮನೆ ಹೆಂಚು ಉಳಿಸ್ತೀಯೇನೇ?" ಎಂದು ಅಜ್ಜಿ ಹೊಂಬಾಳಮ್ಮ ರೇಗಿಸಿದರೆ ನಗುತ್ತಾಳೆ. ಆದರೆ ಕಾಯಿಲೆಯ ದಿನಗಳಲ್ಲಿ ತನಗೆಂದು ಬೇರೆ ಇಟ್ಟಿದ್ದ ಸ್ಟೀಲ್ ಲೋಟವನ್ನು ಮನೆಯವರೆಲ್ಲ ಮರೆತರೂ ಅವಳು ಬಿಟ್ಟಿಲ್ಲ. ಇಂದಿಗೂ ಅದರಲ್ಲೇ ಕುಡಿದು, ತಾನೇ ತೊಳೆದು, ಕಿಟಕಿಯ ಮೇಲೆ ಒಂಟಿಯಾಗಿ ಬೋರಲು ಹಾಕುತ್ತಾಳೆ. ನಿನ್ನೆ ಗುಬ್ಬಿಯಿಂದ ಸೋದರಮಾವ ಗಂಗಾಧರ್ ಬಂದು, "ಹಳೇ ಕಾಯಿಲೆ ವಿಷ್ಯ ಬಾಯಿ ಬಿಡಬ್ಯಾಡ ಕಣವ್ವ. ಕಲೆ ಬಗ್ಗೆ ಡಾಕ್ಟ್ರಿಗೆ ನಮ್ಮೋರಿಂದ ಒಂದ್ ಮಾತು ಹೇಳಿಸ್ತೀನಿ" ಎಂದ. ಮಾನಸಾ ತಲೆಯೆತ್ತಿ ಹೇಳಿದಳು: "ಬ್ಯಾಡ ಮಾವ. ಕಾಯಿಲೆ ಬಂದಿತ್ತು, ವಾಸಿ ಆಗೈತೆ, ಎರಡನ್ನೂ ನಾನೇ ಹೇಳ್ತೀನಿ. ಮುಚ್ಚಿಟ್ಟು ಪಾಸಾದ್ರೆ ನಾನಿನ್ನೂ ಕಾಯಿಲೆಯೋಳಾಗೇ ಉಳೀತೀನಿ."