ಬಸ್ಸಿನ ಚಾರ್ಜು

ಎರಡು ಅಕ್ಷರಗಳಲ್ಲಿ ಮೊದಲನೆಯದನ್ನು ಮಾತ್ರ ಬಿಳಿ ಬಣ್ಣ ಹಚ್ಚಿ ಅಳಿಸಿದ್ದರು. ಎರಡನೆಯದು ಹಾಗೇ ಇತ್ತು. ಬಣ್ಣ ಒಣಗಿದ ಕಡೆ ಕಾಗದ ತುಸು ಉಬ್ಬಿತ್ತು, ಅದರ ಮೇಲೆ ನೀಲಿ ಪೆನ್ನಿನಿಂದ ಬೇರೊಂದು ಅಕ್ಷರ ಬರೆದಿದ್ದರು. ಸೋಮವಾರದ ಮೂರನೆಯ ತಾಸು, ಮಂಗಳವಾರದ ಮೊದಲನೆಯದು, ಐದನೆಯದು. ಬೆರಳಿಟ್ಟು ಎಣಿಸಿದೆ. ಒಟ್ಟು ಹನ್ನೆರಡು.

ಅದು ಚಿಕ್ಕೋಡಿಯ ಒಂದು ಅನುದಾನಿತ ಖಾಸಗಿ ಹೈಸ್ಕೂಲಿನ ಗೋಡೆಗೆ ಹಚ್ಚಿದ್ದ ವೇಳಾಪತ್ರಿಕೆ. ನಾನು ಅಲ್ಲಿ ಗಣಿತ ಕಲಿಸುತ್ತಿದ್ದೆ. ಶಾಲೆಯ ಪಿರಿಯಡ್ಡಿಗೆ ನಮ್ಮ ಕಡೆ ತಾಸು ಎನ್ನುತ್ತಾರೆ. ನನ್ನ ಸಂಬಳ ಆ ತಾಸಿನ ಲೆಕ್ಕದ್ದು: ಕಲಿಸಿದ ತಾಸಿಗೆ ಮಾತ್ರ ಹಣ. ದೀಪಾವಳಿ ರಜೆಗೆ ಇಲ್ಲ, ಜ್ವರ ಬಂದು ಮಲಗಿದರೆ ಇಲ್ಲ, ಕ್ರೀಡಾಕೂಟದ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಂತು ಅಂಕ ಬರೆದರೂ ಇಲ್ಲ. ವಾರಕ್ಕೆ ಹದಿನೆಂಟು ತಾಸು ನನ್ನವು. ಹತ್ತನೆಯ ತರಗತಿಯ ಎರಡು ವರ್ಗಗಳಿಗೆ ಹನ್ನೆರಡು, ಎಂಟನೆಯ ತರಗತಿಗೆ ಆರು. ನನ್ನ ಹೆಸರಿನ ಅಕ್ಷರ ಅಳಿಸಿದ್ದು ಹತ್ತನೆಯ ತರಗತಿಯ ಹನ್ನೆರಡರಲ್ಲೂ. ಉಳಿಸಿಕೊಂಡ ಎರಡನೆಯ ಅಕ್ಷರ ನಮ್ಮ ಮನೆತನದ ಅಡ್ಡಹೆಸರಿನದು. ಹೊಸದಾಗಿ ಬರೆದ ಮೊದಲ ಅಕ್ಷರ ನನ್ನ ಅವ್ವನ ಹೆಸರಿನದು.

ನಾನು ಹೆಡ್‌ಮಾಸ್ತರರ ಕೋಣೆಗೆ ಹೋದೆ. ಅವರು ಬಿಸಿಯೂಟದ ಅಕ್ಕಿಯ ಕಾಗದಕ್ಕೆ ಸಹಿ ಹಾಕುತ್ತಿದ್ದರು.

“ಮನ್ಯಾಗ ಹೇಳಿಲ್ಲೇನ್ರೀ ಟೀಚರ?” ಎಂದರು. “ನಿಮ್ಮ ತಾಯಾರು ಬರಾಕತ್ತಾರಲ್ಲ ಸೋಮವಾರದಿಂದ. ಚೇರ್ಮನ್ರು ಖುದ್ದ ಮನಿಗೆ ಹೋಗಿ ಒಪ್ಪಿಸ್ಯಾರ.”

“ಅವು ನನ್ನ ತಾಸು ಸರ್.”

“ಎಂಟನೇತ್ತಾ ನಿಮಗ ಐತಲ್ರಿ. ಮತ್ತ, ಬ್ಯಾರೇದವ್ರಿಗೇನು ಕೊಟ್ಟಿಲ್ಲಲ್ಲ? ತಾಯಿ ಬಂದ್ರೇನು, ಮಗಳು ಬಂದ್ರೇನು. ಮನೀದು ಮನ್ಯಾಗ ಐತಿ.”

ಬದಿಯ ಮೇಜಿನಲ್ಲಿದ್ದ ಕ್ಲಾರ್ಕ್ ತಲೆ ಎತ್ತದೆ ನಕ್ಕ. “ನಮಗೂ ಚಲೋ ಆತ್ರಿ. ಅರ್ಧಾ ಹೆಸರು ಅಳಿಸಿದ್ರ ಮುಗೀತು.”

ಸಿಟ್ಟು ಬಂದಾಗ ನನಗೆ ಮಾತು ಬರುವುದಿಲ್ಲ. ವಾಕ್ಯಗಳು ತಲೆಯೊಳಗೆ ಸರಿಯಾಗಿಯೇ ಜೋಡಣೆಯಾಗುತ್ತವೆ, ಆದರೆ ಆಮೇಲೆ. ಆ ದಿನದ ಮೂರನೆಯ ತಾಸಿಗೆ ಹೋಗಿ ಸಮಾಂತರ ಶ್ರೇಢಿಯ ನಾಲ್ಕು ಲೆಕ್ಕ ಮಾಡಿಸಿದೆ. ಕಳೆದ ವರ್ಷ ಈ ಶಾಲೆಯಲ್ಲಿ ಗಣಿತದಲ್ಲಿ ಯಾರೂ ಫೇಲಾಗಿರಲಿಲ್ಲ. ಆ ಫಲಿತಾಂಶವನ್ನು ಸಂಸ್ಥೆಯ ಚೇರ್ಮನ್ನರು ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಮಾಡಿಸಿ ಹಾಕಿದ್ದರು. ಅದರಲ್ಲಿ ಅವರ ಫೋಟೋ ಇತ್ತು, ಮಕ್ಕಳ ಫೋಟೋ ಇತ್ತು.

ಅವ್ವ ಸರಕಾರಿ ಹೈಸ್ಕೂಲಿನ ಗಣಿತ ಶಿಕ್ಷಕಿ. ಎರಡು ತಿಂಗಳ ಹಿಂದೆ ನಿವೃತ್ತಳಾಗಿದ್ದಳು. ಮೊದಲು ಕಾಗವಾಡದ ಕಡೆ, ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳಿಗೆ ಎರಡೂ ಭಾಷೆಯಲ್ಲಿ ಮಗ್ಗಿ ಕಲಿಸಿದವಳು, ಆಮೇಲೆ ರಾಯಬಾಗ ತಾಲೂಕು, ಕೊನೆಯ ಹನ್ನೊಂದು ವರ್ಷ ನಮ್ಮ ಏಕಸಂಬಿಯ ಹತ್ತಿರದ ಹಳ್ಳಿ. ಅಪ್ಪನಿಗೆ ಎರಡೂವರೆ ಎಕರೆ ಕಬ್ಬು, ಎರಡು ಎಮ್ಮೆ. ಕಬ್ಬಿನ ಬಿಲ್ಲು ಕಾರ್ಖಾನೆಗೆ ಮನಸ್ಸು ಬಂದಾಗ ಬರುವುದು. ಮನೆ ನಡೆದದ್ದು, ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದಿದ್ದು ಅವ್ವನ ಪಗಾರದಲ್ಲಿ. ಇದನ್ನು ಯಾರೂ ನನಗೆ ನೆನಪಿಸಬೇಕಾಗಿಲ್ಲ.

ನಿವೃತ್ತಿಯ ಯೋಜನೆಯನ್ನು ನಾವಿಬ್ಬರೂ ಕೂಡಿ ಮಾಡಿದ್ದೆವು. ಚಿಕ್ಕೋಡಿಯಲ್ಲಿ ನಿವೃತ್ತರಾಗುವ ಶಿಕ್ಷಕರಿಗೆ ಒಂದು ದಿನದ ಶಿಬಿರ ನಡೆದಾಗ ಅವ್ವನ ಜೊತೆ ನಾನೂ ಹೋಗಿದ್ದೆ. ಮಾತಾಡಿದವರು ಒಳ್ಳೆಯ ಮಾತನ್ನೇ ಹೇಳಿದರು. ಬಂದ ಹಣವನ್ನೆಲ್ಲ ಒಂದೇ ಕಡೆ ಇಡಬೇಡಿ. ಎಲ್ಲ ಖಾತೆಗೂ ನಾಮಿನಿ ಬರೆಸಿ. ಆಸ್ಪತ್ರೆಯ ಖರ್ಚಿಗೆ ಬೇರೆ ತೆಗೆದಿಡಿ. ಸಂಬಂಧಿಕರು ಸೈಟು, ದ್ರಾಕ್ಷಿ ತೋಟ ಎಂದು ಬಂದರೆ ಆರು ತಿಂಗಳು ಯಾವ ನಿರ್ಧಾರವನ್ನೂ ಮಾಡಬೇಡಿ. ಅವ್ವ ವಿದ್ಯಾರ್ಥಿನಿಯ ಹಾಗೆ ಎಲ್ಲವನ್ನೂ ಬರೆದುಕೊಂಡಳು. ಕೊನೆಗೆ ಅರೆಕಾಲಿಕ ಕೆಲಸದ ವಿಷಯ ಬಂತು: ಮನೆಪಾಠ, ಖಾಸಗಿ ಶಾಲೆಗಳಲ್ಲಿ ಕೆಲವು ತಾಸು. ಆಗ ಅವರು ಹೇಳಿದ ಒಂದು ವಾಕ್ಯ ನನಗೆ ಈಗಲೂ ಅಕ್ಷರಶಃ ನೆನಪಿದೆ. “ನಿಮಗೆ ಪಿಂಚಣಿ ಇರುವುದರಿಂದ ಸಂಬಳದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮನಸ್ಸಿಗೆ ಹಿತ, ಹೊತ್ತು ಹೋಗುತ್ತದೆ, ಅಷ್ಟು ಸಾಕು.”

ಸಭೆಯಲ್ಲಿದ್ದವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಆ ವಾಕ್ಯ ನನ್ನ ಬಗ್ಗೆ ಹೇಳಿದ್ದು ಎಂದು ಹೊಳೆಯಲಿಲ್ಲ. ನಮ್ಮ ಸುತ್ತಲಿನ ಐದು ತಾಲೂಕುಗಳಲ್ಲಿ ಬಿ.ಎಡ್. ಮುಗಿಸಿ, ಅರ್ಹತಾ ಪರೀಕ್ಷೆ ಪಾಸಾಗಿ, ಸರಕಾರದ ನೇಮಕಾತಿಗೆ ಕಾಯುತ್ತ, ತಾಸಿನ ಲೆಕ್ಕದಲ್ಲಿ ಕಲಿಸುವ ಹುಡುಗಿಯರು ಪ್ರತಿ ಖಾಸಗಿ ಶಾಲೆಯಲ್ಲೂ ಇದ್ದಾರೆ. ಪಿಂಚಣಿ ಇರುವವರು ಸಂಬಳ ಕೇಳದೆ ಬಂದು ಅದೇ ಮೇಜಿನ ಮುಂದೆ ನಿಂತರೆ ಆ ಹುಡುಗಿಯರು ಏನು ಮಾಡಬೇಕು? ಅದನ್ನು ಶಿಬಿರದಲ್ಲಿ ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕೇಳಬಹುದಾಗಿದ್ದವಳು ನಾನೊಬ್ಬಳೇ ಅಲ್ಲಿದ್ದೆ. ನಾನು ಉಪ್ಪಿಟ್ಟು ತಿಂದು ಬಂದೆ.

ಸಂಜೆ ಬಸ್ಸಿನಲ್ಲಿ ಹಿಂದಿರುಗುವಾಗ ಹಿಂದಿನ ಭಾನುವಾರ ನೆನಪಾಯಿತು. ನಾನು ಗೆಳತಿಯ ಮದುವೆಗೆಂದು ನಿಪ್ಪಾಣಿಗೆ ಹೋಗಿದ್ದೆ. ಮನೆಗೆ ಬಂದಾಗ ಕಪಾಟಿನ ಮೇಲೆ ಹೊಸ ಶಾಲು, ತೆಂಗಿನಕಾಯಿ ಇದ್ದವು. “ನಿಮ್ಮ ಚೇರ್ಮನ್ರು ಬಂದಿದ್ರವ್ವಾ, ಸತ್ಕಾರ ಮಾಡಿ ಹೋದ್ರು” ಎಂದಿದ್ದಳು ಅವ್ವ. ಅಷ್ಟೇ ಹೇಳಿದ್ದಳು. ನಾನು ಶಾಲನ್ನು ಮಡಚಿ, ಬೀಳ್ಕೊಡುಗೆಯಲ್ಲಿ ಬಂದ ಉಳಿದ ಶಾಲುಗಳ ಜೊತೆ ಇಟ್ಟಿದ್ದೆ.

ಮುಂದೆ ಕಬ್ಬಿನ ಟ್ರ್ಯಾಕ್ಟರು ಎರಡು ಟ್ರಾಲಿ ಎಳೆದುಕೊಂಡು ಹೋಗುತ್ತಿತ್ತು. ಬಸ್ಸು ಅದರ ಹಿಂದೆ ತೆವಳಿತು. ನನಗೆ ಅವಸರವೂ ಇರಲಿಲ್ಲ.

ಅವ್ವ ಪಡಸಾಲೆಯಲ್ಲಿ ಕೂತು ಹತ್ತನೆಯ ತರಗತಿಯ ಗಣಿತದ ಪುಸ್ತಕ ಓದುತ್ತಿದ್ದಳು. ಪಕ್ಕದಲ್ಲಿ ಪೆನ್ಸಿಲ್ಲು. ಪಾಠದ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು.

“ಯಾವಾಗ ಹೇಳಾಕಿ ಇದ್ದಿ ಅವ್ವಾ?” ಎಂದೆ.

ಅವಳು ಪುಸ್ತಕ ಮುಚ್ಚಿದಳು. “ಭಾನುವಾರ ಹೇಳೂನಂತ ಇದ್ನಿ. ಯಾರು ಹೇಳಿದ್ರು?”

“ಗ್ವಾಡಿ ಮ್ಯಾಲ ಬರದಾರ.”

“ನಿನಗ ಹಗುರ ಆಗ್ಲಿ ಅಂತ ಒಪ್ಪೇನಿ ಬೇ. ಚೇರ್ಮನ್ರ ಅಂದ್ರು, ಮಗಳಿಗೆ ಭಾಳ ಭಾರ ಆಗಾಕತ್ತೈತಿ, ನೇಮಕಾತಿ ಪರೀಕ್ಷಾಕ ಓದಾಕ ಹೊತ್ತಿಲ್ಲ ಅಂತ. ಬರೋಬರ್ ಅನ್ನಿಸ್ತು. ನೀ ಕುಂತು ಓದು. ನನ್ನ ಪಿಂಚಣಿ ಐತಿ, ಇಬ್ಬರಿಗೂ ಸಾಲತೈತಿ.”

“ನನಗ ಭಾರ ಆಗೇತಿ ಅಂತ ಅವರಿಗೆ ಹೇಳಿದವ್ರು ಯಾರು?”

ಅವಳಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅದಕ್ಕೇ ಗೊತ್ತಿರಲಿಲ್ಲ. ಮನೆಗೆ ಬಂದು, ಶಾಲು ಹೊದಿಸಿ, ‘ಅಕ್ಕಾರ, ಗಣಿತ ಅಂದ್ರ ಈ ಭಾಗದಾಗ ನೀವ, ನಿಮ್ಮಂಥವ್ರು ಮನ್ಯಾಗ ಕುಂತ್ರ ಹ್ಯಾಂಗ್ರಿ’ ಎಂದಿದ್ದರಂತೆ. ಶಿಕ್ಷಕಿಗೆ ನಮ್ಮ ಕಡೆ ಅಕ್ಕಾರು ಎನ್ನುತ್ತಾರೆ. ನನ್ನ ಅವ್ವ ಮೂವತ್ತಕ್ಕೂ ಹೆಚ್ಚು ವರ್ಷ ಗಂಟೆಯ ಸದ್ದಿಗೆ ಎದ್ದು ಕೂತವಳು. ಈ ಎರಡು ತಿಂಗಳು ಹತ್ತು ಗಂಟೆಗೆ ಸೀರೆ ಉಟ್ಟು ತಯಾರಾಗಿ, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಎಮ್ಮೆಗೆ ಎರಡನೆಯ ಸಲ ನೀರು ಇಡುತ್ತಿದ್ದಳು. ನಾನು ನೋಡಿದ್ದೆ. ಅದಕ್ಕೇ ಸಿಟ್ಟನ್ನು ಅವಳ ಮೇಲೆ ಪೂರ್ತಿ ಹಾಕಲು ಆಗಲಿಲ್ಲ, ಬಿಡಲೂ ಆಗಲಿಲ್ಲ.

“ಎಷ್ಟಕ್ಕ ಒಪ್ಪಿದಿ?” ಎಂದು ಕೇಳಿದೆ.

“ಎಷ್ಟಕ್ಕ ಅಂದ್ರ? ಅದೇನು ಎಮ್ಮಿ ವ್ಯಾಪಾರ ಏನು? ಗೌರವಧನ ಅಂದ್ರು.”

“ಎಷ್ಟು ಗೌರವಧನ?”

“ಅವರ ಕೇಳಿದ್ರು, ಎಷ್ಟು ಕೊಡಲಿ ಅಕ್ಕಾರ ಅಂತ. ನನಗ ಬಾಯಿ ಬರಲಿಲ್ಲ. ಇಷ್ಟು ವರ್ಷ ಸರಕಾರ ಕೊಟ್ಟಿದ್ದು ತಗೊಂಡಾಕಿ, ಇಷ್ಟ ಕೊಡ್ರಿ ಅಂತ ಯಾರಿಗೂ ಕೇಳಿದಾಕಿ ಅಲ್ಲ ನಾ. ಬಸ್ಸಿನ ಚಾರ್ಜು ಕೊಟ್ರ ಸಾಕ್ರಿ ಅಂದ್ನಿ.”

ಎಮ್ಮೆ ಹಿಂಡಿ ಒಳಗೆ ಬರುತ್ತಿದ್ದ ಅಪ್ಪ ಬಾಗಿಲಲ್ಲೇ ನಿಂತ. ಅವನ ಕೈಯಲ್ಲಿ ಹಾಲಿನ ಚರಗಿ ಇತ್ತು. “ಬಸ್ಸಿನ ಚಾರ್ಜು?” ಎಂದ. “ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟ ಐತಲ್ಲ ಬೇ!”

ಅಪ್ಪ ನಗಲು ಶುರು ಮಾಡಿದ. ಹಾಲು ತುಳುಕಿ ನೆಲಕ್ಕೆ ಬಿತ್ತು. “ಗಣಿತದ ಅಕ್ಕಾರು! ಹನ್ನೆರಡ ತಾಸಿಗೆ ಹನ್ನೆರಡ ಸೊನ್ನಿ!”

ನನಗೆ ನಗು ಬರಲಿಲ್ಲ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ ಎಂಬುದು ಏಕಸಂಬಿಯಿಂದ ಅಥಣಿಯವರೆಗೆ ಎಲ್ಲರಿಗೂ ಗೊತ್ತು. ಅವ್ವನಿಗೂ ಗೊತ್ತು, ಅವಳು ದಿನಾ ಸೊನ್ನೆಯ ಟಿಕೆಟ್ ತೆಗೆದುಕೊಂಡೇ ಕೊನೆಯ ವರ್ಷಗಳಲ್ಲಿ ಶಾಲೆಗೆ ಹೋದವಳು. ಚೇರ್ಮನ್ನರಿಗೆ ಅವ್ವನಿಗಿಂತ ಚೆನ್ನಾಗಿ ಗೊತ್ತು. ಅವರು ಆ ಮಾತು ಕೇಳಿ, ‘ನಿಮ್ಮ ದೊಡ್ಡ ಮನಸ್ಸು ಅಕ್ಕಾರ’ ಎಂದು ಕೈಮುಗಿದು ಎದ್ದಿದ್ದರು. ಅವ್ವ ಸಂಕೋಚದಿಂದ ಆಡಿದ ಒಂದು ಮಾತು ಅವರಿಗೆ ಒಪ್ಪಂದವಾಯಿತು. ಹನ್ನೆರಡು ತಾಸಿನ ಗಣಿತ ಅವರಿಗೆ ಬಿಟ್ಟಿ ಸಿಕ್ಕಿತು.

ಅವ್ವನ ಮುಖ ಬಾಡಿತು. ನಿಧಾನವಾಗಿ ಹೇಳಿದಳು, “ನನಗೇನು, ಹೊತ್ತು ಹೋದ್ರ ಸಾಕು.”

“ನನಗ ಹೊತ್ತು ಹೋಗೂದಲ್ಲ ಅವ್ವಾ. ನನಗ ಅದು ಪಗಾರ.”

“ನಿನ್ನ ಪಗಾರಾ ಎಷ್ಟು ಹೇಳು. ನಾನ ಕೊಡತೀನಿ ತಿಂಗಳಾ ತಿಂಗಳಾ.”

ನನ್ನ ಜೀವನದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಆ ಮಾತಿಗೆ. ಅದನ್ನು ಅವ್ವ ಪ್ರೀತಿಯಿಂದಲೇ ಹೇಳಿದ್ದಳು. ಅಂಚೆ ಕಚೇರಿಯಲ್ಲಿ ನನ್ನದೊಂದು ಖಾತೆ ಇದೆ. ಅದರಲ್ಲಿರುವುದು ಸ್ವಲ್ಪವೇ. ಆದರೆ ಆ ಸ್ವಲ್ಪವನ್ನು ನಾನು ಯಾರಿಗೂ ಕೇಳದೆ, ಯಾರಿಗೂ ಹೇಳದೆ ತೆಗೆಯಬಹುದು, ಖರ್ಚು ಮಾಡಬಹುದು, ಮಾಡದೆಯೂ ಇರಬಹುದು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ನನಗೆ ನನ್ನದು ಎಂದು ಇದ್ದದ್ದು ಅದೊಂದೇ. ಶಿಬಿರದಿಂದ ಬಂದ ಮೇಲೆ ನಾವು ನಿವೃತ್ತಿಯ ಯೋಜನೆ ಬರೆದಿಟ್ಟಿದ್ದ ನೋಟ್‌ಬುಕ್ಕು ಕಪಾಟಿನಲ್ಲಿತ್ತು, ಆ ಪುಟ ತೆರೆದು ನೋಡಿದೆ. ಆಸ್ಪತ್ರೆ, ಮನೆಯ ಮಾಳಿಗೆ, ಹೊತ್ತು ಎಂಬ ತಲೆಬರಹಗಳನ್ನು ನಾನೇ ಗೆರೆ ಹಾಕಿ ಬರೆದುಕೊಟ್ಟಿದ್ದೆ. ಕೆಳಗೆ ಅವ್ವ ತನ್ನ ದುಂಡು ಅಕ್ಷರದಲ್ಲಿ ಇನ್ನೊಂದನ್ನು ಸೇರಿಸಿದ್ದಳು: ‘ಮಗಳ ಜವಾಬ್ದಾರಿ’. ನಾನು ಅವಳಿಗೆ ಯೋಜನೆ ಮಾಡಿಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳ ಲೆಕ್ಕದಲ್ಲಿ ನಾನು ಆಸ್ಪತ್ರೆಯ ಕೆಳಗೆ, ಮಾಳಿಗೆಯ ಕೆಳಗೆ ಬರುವ ಒಂದು ಖರ್ಚು.

ಅದನ್ನು ಹೇಳಿದೆ. ಎತ್ತರದ ದನಿಯಲ್ಲೇ ಹೇಳಿದೆನೆಂದು ಕಾಣುತ್ತದೆ, ಏಕೆಂದರೆ ಅಪ್ಪ ನಗು ನಿಲ್ಲಿಸಿ ಒಳಗೆ ಹೋದ.

“ನೀ ಪಗಾರ ಕೇಳದ ಕಲಿಸಿದ್ರ ನಾ ಎಲ್ಲೆ ಹೋಗಲಿ? ನನ್ನಂಥ ಹುಡುಗ್ಯಾರು ಎಲ್ಲೆ ಹೋಗಲಿ? ನಿನಗ ಪಿಂಚಣಿ ಐತಿ. ನಮಗ ನೌಕರಿ ಸಿಕ್ಕರೂ ನಿನ್ನಂಥ ಪಿಂಚಣಿ ಸಿಗಾಂಗಿಲ್ಲ. ನೀ ಕಲಿಸು, ಬ್ಯಾಡ ಅನ್ನಾಂಗಿಲ್ಲ ನಾ. ಆದರ ರೊಕ್ಕಾ ತಗೊಂಡು ಕಲಿಸು. ನನಗ ಕೊಡೂವಷ್ಟ ತಗೊಂಡು ಕಲಿಸು.”

“ಅಷ್ಟು ಕೇಳಿದ್ರ ನನ್ನ ಯಾಕ ಕರೀತಾರ ಅವರು?”

ಅವ್ವ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡ ಹಾಗಿತ್ತು. ಮಡಿಲಲ್ಲಿದ್ದ ಪುಸ್ತಕದ ರಟ್ಟನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತಳು. ನನಗೆ ಕನಿಕರ ಬಂತು, ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಅವಳ ಗಣಿತ ಚಲೋ ಎಂದೇ ಕರೆದಿದ್ದಾರೆ ಎಂದು ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಮಾತು ಕೊಟ್ಟೀನಿ” ಎಂದಳು ಕೊನೆಗೆ. “ಈಗ ಹೋಗಿ ರೊಕ್ಕದ ಮಾತು ಆಡೂದು ನನ್ನ ಕೈಲೆ ಆಗಾಂಗಿಲ್ಲ.”

“ನಾ ಆಡತೀನಿ.”

ಅವ್ವ ಒಲೆಯ ಮೇಲೆ ಹಾಲು ಉಕ್ಕುವ ಸದ್ದಿಗೆ ಎದ್ದು ಒಳಗೆ ಹೋದಳು. ಅಡುಗೆಮನೆಯಿಂದಲೇ ಅವಳ ದನಿ ಬಂತು.

“ಹೇಳ ಹೋಗು. ನಾ ಹೇಳಿ ಕಳಿಸೇನಿ ಅಂತ ಮಾತ್ರ ಹೇಳಬ್ಯಾಡ.”

ಮರುದಿನ ಬೆಳಿಗ್ಗೆ ನಾನು ದಿನದ ಬಸ್ಸಿಗಿಂತ ಮೊದಲಿನ ಬಸ್ಸು ಹಿಡಿದೆ. ಚೇರ್ಮನ್ನರಿಗೆ ಚಿಕ್ಕೋಡಿಯ ಪೇಟೆಯಲ್ಲಿ ಗೊಬ್ಬರ, ಬೆಳೆ ಔಷಧಿಯ ಅಂಗಡಿ ಇದೆ. ಶಾಲೆಗೆ ಬರುವ ಮೊದಲು ಅವರು ಅಲ್ಲಿ ಕೂರುತ್ತಾರೆ. ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಒಳಗೆ ಮೂವರು ರೈತರು ಔಷಧಿಯ ದರದ ಬಗ್ಗೆ ಜಗ್ಗಾಡುತ್ತಿದ್ದರು. ಅವರು ಹೋಗಲಿ ಎಂದು ಕಾಯಬಹುದಿತ್ತು. ಎಂದಿನ ನಾನಾಗಿದ್ದರೆ ಕಾಯುತ್ತಿದ್ದೆ.

“ಬಾ ತಂಗಿ” ಎಂದರು ಚೇರ್ಮನ್ನರು. “ಏನ್ ಬೆಳಿಗ್ಗೆ ಬೆಳಿಗ್ಗೆ?”

“ಅವ್ವನ ತಾಸಿನ ದರ ಹೇಳಾಕ ಬಂದೀನ್ರಿ.”

ರೈತರು ಜಗ್ಗಾಟ ನಿಲ್ಲಿಸಿ ನನ್ನ ಕಡೆ ನೋಡಿದರು. ಚೇರ್ಮನ್ನರು ನಕ್ಕರು. “ಅಕ್ಕಾರು ಬಸ್ಸಿನ ಚಾರ್ಜು ಸಾಕಂದಾರಲ್ಲ. ಈಗ ಅವರ ಹೇಳಿ ಕಳಿಸ್ಯಾರೇನು?”

“ಹೌದ್ರಿ” ಎಂದೆ. “ಅವರ ಹೇಳಿ ಕಳಿಸ್ಯಾರ.”

ನನಗೆ ಕೊಡುವ ದರ ಎಷ್ಟೋ ಅದನ್ನೇ ಅವ್ವನಿಗೂ ಹೇಳಿದೆ, ಆ ಮೂವರಿಗೂ ಕೇಳುವ ಹಾಗೆ. ತಾಸಿಗೆ ಇಷ್ಟು, ಒಂದು ರೂಪಾಯಿ ಕಡಿಮೆ ಇಲ್ಲ, ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಡಬೇಕು. ಅದೇ ದರಕ್ಕೆ ನಮ್ಮಿಬ್ಬರಲ್ಲಿ ಯಾರು ಬೇಕೋ ಆರಿಸಿಕೊಳ್ಳಿ, ಹತ್ತನೆಯ ತರಗತಿಯ ಪಾಠ ಅರ್ಧ ಮುಗಿಸಿರುವವಳು ನಾನು, ಎಂದೂ ಹೇಳಿದೆ.

ಚೇರ್ಮನ್ನರು ಬಿಲ್ ಪುಸ್ತಕದ ಪುಟ ತಿರುವಿದರು. “ಸೋಮವಾರ ಮಾತಾಡೂಣು ತಂಗಿ. ಗಿರಾಕಿ ಅದಾರ.”

“ಇವತ್ತ ಹೇಳ್ರಿ” ಎಂದೆ. ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲನ್ನು ಎಳೆದುಕೊಂಡು ಕೂತೆ.