ಗಂಜಿ ಹಾಕಿದ ಉಣ್ಣೆ ಬಿಲ್ಲೆ

ಎರಡನೇ ಸಲ ಗಂಜಿ ಹಾಕಿಸಿದ್ದು ಸಾವ್ಕಾರ. ನಾವಲ್ಲ. ಜಗಳೂರಿನಲ್ಲಿ ಇವತ್ತಿಗೂ ಕೆಲವರು ಬೇರೆ ಕಥೆ ಹೇಳುತ್ತಾರೆ. ಹೇಳಿಕೊಳ್ಳಲಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬಿಳಿಚೋಡಿನ ರಸ್ತೆಯಲ್ಲಿ ಸಾವ್ಕಾರನದೊಂದು ತಗಡಿನ ಶೆಡ್ಡು. ಅಲ್ಲಿ ನಾವು ಹೆಂಗಸರು ಕುರಿ ಉಣ್ಣೆಯನ್ನು ಬಿಸಿನೀರು, ಸೋಪಿನಲ್ಲಿ ತುಳಿದು, ಹಾಸು ಮಾಡಿ ಒಣಗಿಸಿ, ದುಂಡಗೆ ಬಿಲ್ಲೆ ಕತ್ತರಿಸುತ್ತಿದ್ದೆವು. ಜೀಪಿನ ಗಾಲಿಯೊಳಗೆ ಕೂರುವ ಬಿಲ್ಲೆ. ಎಣ್ಣೆ ಹೀರಿಕೊಂಡು ಧೂಳು ತಡೆಯುವುದು ಅದರ ಕೆಲಸ. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಕಂಬಳಿ ನೇಯುವ ಮನೆಯವರು ನಾವು. ಕಂಬಳಿಗೆ ಬಳಿಯುವಂತೆ ಬಿಲ್ಲೆಗೂ ಹುಣಸೆ ಬೀಜದ ಗಂಜಿ ಬಳಿದೆವು.

ಜೀಪು ಕಂಪನಿಯವರು ನಮಗೆ ಕೆಲಸ ಕಲಿಸಲು ಒಬ್ಬನನ್ನು ಕಳಿಸಿದರು. ಆತ ಬಿಲ್ಲೆಯೊಂದನ್ನು ಅಂಗೈಯಲ್ಲಿಟ್ಟು ಎಣ್ಣೆ ಬಿಟ್ಟ. ಎಣ್ಣೆ ಜಾರಿ ಅವನ ಪ್ಯಾಂಟಿನ ಮೇಲೇ ಬಿತ್ತು. ನಾವು ನಕ್ಕೆವು.

"ಗಂಜಿ ಯಾಕಮ್ಮ ಹಾಕಿದಿರಿ?"

"ಹಾಕದಿದ್ರೆ ಜೋಲು ಬೀಳ್ತೈತಲ್ರೀ," ಎಂದೆ.

"ಬೀಳಲಿ ಬಿಡಿ. ಇದನ್ನ ಯಾರೂ ಹೊದ್ಕೊಂಡು ಮಲಗಲ್ಲ."

ಕೆಲವು ದಿನ ಇದ್ದ. ಪ್ರತಿ ಹಾಸಿನ ಬಿಲ್ಲೆಗೆ ಎಣ್ಣೆ ಬಿಟ್ಟು ನೋಡಬೇಕು, ಕೆಟ್ಟದ್ದನ್ನು ಮುಚ್ಚಿಡಬಾರದು ಎಂದ. ಕೆಟ್ಟಿದೆ ಎಂದು ಹೇಳಿದವರನ್ನು ಬೈಯಬಾರದು, ಕೆಲಸದಿಂದ ತೆಗೆಯಬಾರದು ಎಂದೂ ಹೇಳಿದ. ಸಾವ್ಕಾರ ಎಲ್ಲದಕ್ಕೂ ತಲೆಯಾಡಿಸಿದ. ಎಣ್ಣೆ ಬಾಟಲಿ ನನ್ನ ಕೈಗೆ ಬಂತು.

ಆತ ಊರಿಗೆ ಹೋದ ಮೇಲೆ ಸ್ವಲ್ಪ ಕಾಲ ಎಲ್ಲ ಸರಿಯಿತ್ತು. ಆಮೇಲೆ ಸಾವ್ಕಾರ ಗಂಜಿ ಹಂಡೆಯನ್ನು ಮತ್ತೆ ಒಲೆಗೆ ಏರಿಸಿದ. ಗಂಜಿ ಹಾಕಿದರೆ ತೆಳ್ಳನೆಯ ಬಿಲ್ಲೆಯೂ ದಪ್ಪ ಕಾಣುತ್ತದೆ, ಉಣ್ಣೆ ಉಳಿಯುತ್ತದೆ. ನಾನು ಬೇಡವೆಂದೆ. "ನಿನ್ನ ಎಣ್ಣೆ ಬಾಟ್ಲಿ ಅತ್ಲಾಗಿಡು, ಮಾಲು ಮೂಟೆ ಕಟ್ಟು," ಎಂದ. ನಾನು ಕಟ್ಟಲಿಲ್ಲ. ಬೇರೆಯವರಿಂದ ಕಟ್ಟಿಸಿದ.

ಮಾಲು ವಾಪಸು ಬಂತು, ಹಿಂದೆಯೇ ಕಲಿಸಿದವನೂ ಬಂದ. ಅವನು ಒಳಗೆ ಬರುವ ಮುಂಚೆ ಸಾವ್ಕಾರ ನನ್ನನ್ನು ಪಕ್ಕಕ್ಕೆ ಕರೆದ.

"ಕಂಬಳಿ ಚಾಳಿ, ಮರ್ತು ಹಾಕಿಬಿಟ್ವಿ ಅನ್ನು. ಹೆಂಗಸ್ರಿಗೆ ಅವ್ರು ಏನೂ ಅನ್ನಲ್ಲ. ಬಾಯಿ ಬಿಟ್ರೆ ನಾಳೆಯಿಂದ ನಿಂಗೆ ಕೆಲ್ಸ ಇಲ್ಲ."

ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಅದು ಅವನಿಗೂ ಗೊತ್ತಿತ್ತು.

"ಯಾರು ಹಾಕಿದ್ದು?" ಎಂದು ಬಂದವನು ಕೇಳಿದ. ಉಳಿದ ಹೆಂಗಸರು ನೆಲ ನೋಡಿದರು.

"ಮೊದ್ಲು ಹಾಕಿದ್ದು ನಾವು, ಗೊತ್ತಿಲ್ದೆ. ಈ ಸಲ ಹಾಕಿಸಿದ್ದು ಸಾವ್ಕಾರ್ರು, ಗೊತ್ತಿದ್ದೂ. ಇಲ್ಲೇ ನಿಂತಾರೆ, ಕೇಳ್ರಿ," ಎಂದೆ.

"ನಾಲ್ಗೆ ಭಾಳ ಉದ್ದ ಆತು ನಿಂದು! ನಾಳೆಯಿಂದ ಈ ಕಡೆ ತಲೆ ಹಾಕಬ್ಯಾಡ," ಎಂದು ಸಾವ್ಕಾರ ಕೂಗಿದ.

"ಹೇಳಿದೋರನ್ನ ತೆಗಿಯಾಕಿಲ್ಲ ಅಂತ ಇದೇ ಶೆಡ್ನಾಗೆ ತಲೆ ಆಡಿಸಿದ್ರಲ್ರೀ. ಅವತ್ತೇನು ಕತ್ತು ಉಳುಕಿತ್ತಾ?"

ನೆಲ ನೋಡುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಬಂದವನು, "ಕಂಪನಿಗೆ ಹೇಳ್ತೀನಿ," ಎಂದು ಬಸ್ಸಿಗೆ ಹೋದ. ಅವನು ಹೇಳಲಿ ಎಂದು ನಾನು ಕಾಯಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಹಂಡೆಯಲ್ಲಿದ್ದ ಗಂಜಿಯನ್ನು ತಿಪ್ಪೆಗೆ ಸುರಿದೆ. ಬೂದಿ ಹಾಕಿ ತಿಕ್ಕಿ ತೊಳೆದು, ಹಂಡೆಯನ್ನು ಬಾಗಿಲಿಗೆ ಎದುರಾಗಿ ಬೋರಲು ಹಾಕಿ, ಎಣ್ಣೆ ಬಾಟಲಿ ಹಿಡಿದುಕೊಂಡು ಅದರ ಮೇಲೆ ಕೂತೆ.